ಗಿರಣಿ ಊರಿನ ಶಾಲೆಯಲ್ಲಿ ನಾನು ಓದು ಕೇಳಿದ್ದು

ಇಳಕಲ್ಲು, ಹೊರಡುವ ಮುಂಚೆ

ಇಂಗ್ಲೆಂಡಿಗೆ ಹೋಗಿ ಬಂದವರು ರಾಣಿಯ ಅರಮನೆ, ದೊಡ್ಡ ಗಡಿಯಾರ, ಹೊಳೆಯ ಮೇಲಿನ ಸೇತುವೆ ಎಂದೆಲ್ಲ ಬರೆಯುತ್ತಾರಂತೆ. ನಾನು ಅದ್ಯಾವುದನ್ನೂ ನೋಡಲಿಲ್ಲ. ನೋಡಿದ್ದು ಒಂದು ಹಳೇ ಗಿರಣಿ, ಒಂದು ಶಾಲೆ, ಮತ್ತು ನನ್ನಂಥವಳೇ ಒಬ್ಬ ಸುಳ್ಳುಬುರುಕಿ ಮುದುಕಿ. ಅಷ್ಟನ್ನೇ ಬರೆಯುತ್ತೇನೆ. ನಾನು ಕಲಿತದ್ದು ಎರಡನೇ ಇಯತ್ತೆ. ಅಕ್ಷರ ತಿದ್ದಲು ಮೊಮ್ಮಗಳು ನೀಲಾ ಇದ್ದಾಳೆ. ಮಾತು ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗ, ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ನೇಯುವಂಥವು. ಒಂದರಲ್ಲಿ ಮಗ, ಒಂದರಲ್ಲಿ ಸೊಸೆ. ನನ್ನ ಕೆಲಸ ಕೊಂಡಿ ಹಾಕುವುದು. ಇಳಕಲ್ ಸೀರೆ ಉಟ್ಟವರಿಗೂ ಇದು ಗೊತ್ತಿರುವುದಿಲ್ಲ: ಉದ್ದಕ್ಕೆ ಹಾಸುವ ನೂಲಿನಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಒಂದು ಎಳೆ ತಪ್ಪಿದರೆ ಮಗ್ಗದ ಮೇಲೆ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ಉಟ್ಟು ಒಗೆದ ಮೇಲೆ ಬಾಯಿ ಬಿಡುತ್ತದೆ.

ಆಗ ಎಂಬತ್ತರ ದಶಕದ ಮೊದಲ ವರ್ಷಗಳು, ನೀಲಾ ಐದನೇ ಇಯತ್ತೆ. ಮನೆಯಲ್ಲಿ ಅವಳ ಕೆಲಸ ರಾಟೆ ತಿರುಗಿಸಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದು. ಅವಳು ಶಾಲೆಗೆ ಹೋದರೆ ಕಂಡಿಕೆ ಇಲ್ಲ. ಕಂಡಿಕೆ ಇಲ್ಲದಿದ್ದರೆ ಎರಡೂ ಮಗ್ಗ ನಿಲ್ಲುತ್ತವೆ. ಒಂದು ದಿನ ನಾನು ಅವಳ ಪಾಟಿಚೀಲ ಕಸಿದುಕೊಂಡು ಅಟ್ಟದ ಮೇಲೆ ಒಗೆದೆ. ಅವಳು ಅತ್ತಳು, ಒಂದು ಏಟು ಕೊಟ್ಟೆ.

ಒಂದು ತಿಂಗಳಾದ ಮೇಲೆ ಸುಮಿತ್ರಾ ಅಕ್ಕೋರು ಬಾಗಿಲಿಗೆ ಬಂದರು. ನಮ್ಮ ಓಣಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು ಅವರೊಬ್ಬರೇ ಅಕ್ಕೋರು.

“ಸಂಗವ್ವಾರ, ನೀಲಾ ಎಲ್ಲಿ?”

“ಕೆರೂರಿಗೆ ಹೋಗ್ಯಾಳ್ರಿ, ಸ್ವಾದರಮಾವನ ಮನಿಗೆ.”

ಒಳಗಿನಿಂದ ರಾಟೆಯ ಸಪ್ಪಳ ಗರಗರ ಬರುತ್ತಿತ್ತು. ಮಗ ಸೊಸೆ ಇಬ್ಬರೂ ಮಗ್ಗದಲ್ಲಿದ್ದರು. ಅದು ಯಾರ ಕೈ ಎಂದು ಕುರುಡರಿಗೂ ತಿಳಿಯುತ್ತಿತ್ತು.

“ಯಾವಾಗ ಬರ್ತಾಳ?”

“ಬಂದಾಗ ಬರ್ತಾಳ. ಬಂದವರಿಗೆ ಕಲಸ್ರಿ ಅಕ್ಕೋರ. ಬರದವರ ಚಿಂತಿ ನಿಮಗ್ಯಾಕ?”

ಅವರು ನನ್ನ ಮುಖವನ್ನೇ ನೋಡಿದರು. “ಪರೀಕ್ಷಾಕ್ಕ ಕೂಡಲಿಲ್ಲಂದ್ರ ಹೆಸರು ತಗೀಬೇಕಾಗ್ತೈತ್ರಿ. ಒಮ್ಮಿ ತಗದ್ರ ಮುಗೀತು,” ಎಂದು ಹೋದರು.

ಅದೇ ವಾರ ಕೈಮಗ್ಗದ ಕಚೇರಿಯ ಸಾಹೇಬರು ಬಂದರು. ಇಂಗ್ಲೆಂಡಿನಲ್ಲಿ ಒಂದು ಪ್ರದರ್ಶನ, ಅಲ್ಲಿ ಇಳಕಲ್ ಸೀರೆ ನೇಯ್ದು ತೋರಿಸಬೇಕು. ನೇಯಲು ಪಕ್ಕದ ಮನೆಯ ರಾಚಪ್ಪ, ಕೊಂಡಿ ಹಾಕಲು ನಾನು. ಎಲ್ಲರೂ ಹೆದರಿಸಿದರು. ನಾನು ಹೂಂ ಎಂದೆ. ಅರವತ್ತು ದಾಟಿದವಳನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ?

ಹೊರಡುವಾಗ ನೀಲಾಗೆ ಹೇಳಿದೆ: “ನಾ ಬರೂತನಾ ರಾಟಿ ನಿಂದ್ರಬಾರದು.”

“ಪರೀಕ್ಷಾ ಬಂತಲ್ಲ ಆಯಿ?”

“ರಾಟಿ ಅಂದೆ.”

ಅಮೀನಗಡದಿಂದ ವಿಮಾನದವರೆಗೆ

ಹುನಗುಂದ ದಾಟಿ ಬಸ್ಸು ಅಮೀನಗಡದಲ್ಲಿ ನಿಂತಿತು. ರಾಚಪ್ಪ ಕರದಂಟು ತರುತ್ತೇನೆಂದು ಇಳಿದ. ಬಸ್ಸು ಬಿಟ್ಟಿತು. ಅವನು ಒಂದು ಕೈಯಲ್ಲಿ ಪೊಟ್ಟಣ, ಒಂದು ಕೈಯಲ್ಲಿ ಧೋತರದ ಚುಂಗು ಹಿಡಿದು ಓಡಿಬಂದ. ಕಂಡಕ್ಟರು ಸೀಟಿ ಊದಿ, “ಎಲ್ಲಿಗೆ ಹೊಂಟೀರಿ ಕಾಕಾ, ಇಷ್ಟು ಅವಸರದಾಗ?” ಎಂದ.

“ಇಂಗ್ಲೆಂಡಿಗೆ!”

“ಹತ್ರಿ, ಹತ್ರಿ. ಬಾಗಲಕೋಟಿ ತನಕಾ ನಾನು ಬಿಡ್ತೇನಿ, ಮುಂದ ನೀವ ಓಡ್ರಿ.”

ಬಸ್ಸಿನವರೆಲ್ಲ ನಕ್ಕರು. ನಾವು ಖರೆ ಹೇಳಿದ್ದನ್ನು ಒಬ್ಬರೂ ನಂಬಲಿಲ್ಲ.

ಬಾಗಲಕೋಟೆಯಲ್ಲಿ ರೈಲು ಹತ್ತಿ ಸೊಲ್ಲಾಪುರ, ಅಲ್ಲಿಂದ ಮುಂಬೈ. ಅಲ್ಲಿ ಕೈಮಗ್ಗದ ಕಚೇರಿಯ ಸಾಹೇಬರು ನಮ್ಮನ್ನು ಕೂಡಿಕೊಂಡರು. ವಿಮಾನ ನಿಲ್ದಾಣದ ಬಾಗಿಲಲ್ಲಿ ನನ್ನ ಕೊರಳಿನ, ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಒಂದು ಯಂತ್ರವನ್ನು ಕೂಗಿಸಿತು. ತೆಗೆಯಿರಿ ಎಂದರು. ಲಿಂಗ ಸಾಯುವ ತನಕ ತೆಗೆಯುವುದಲ್ಲ ಎಂದೆ. ಪೊಲೀಸ್ ಹೆಣ್ಣುಮಗಳು ಸೊಲ್ಲಾಪುರದ ಕಡೆಯವಳು. ಅವಳು ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು ನನ್ನನ್ನು ಒಳಗೆ ಬಿಟ್ಟಳು. ವಿಮಾನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹುನಗುಂದದ ಬಸ್ಸಿಗಿಂತ ಕಡಿಮೆ ಕುಲುಕುತ್ತದೆ, ಕಾಲು ಚಾಚಲು ಅಷ್ಟೇ ಜಾಗ. ನಾನು ಕಟಕರೊಟ್ಟಿ, ಶೇಂಗಾ ಚಟ್ನಿ ತಿಂದೆ. ರಾಚಪ್ಪ ಅವರು ಕೊಟ್ಟದ್ದನ್ನು ಮೂಸಿ ನೋಡಿ ಮುಚ್ಚಿಟ್ಟ.

ಗಿರಣಿ

ಆ ಊರಿನ ಹೆಸರು ನನ್ನ ನಾಲಿಗೆಗೆ ಕೊನೆಯವರೆಗೂ ಹೊರಳಲಿಲ್ಲ. ಗಿರಣಿ ಊರು ಎನ್ನುತ್ತೇನೆ. ಮನೆಗಳು ಒಂದಕ್ಕೊಂದು ಬೆನ್ನು ಹಚ್ಚಿ ನಿಂತಿವೆ. ಬಾದಾಮಿಯ ಕಲ್ಲಿಗೆ ಯಾರೋ ಕಾಡಿಗೆ ಮೆತ್ತಿದಂಥ ಕಪ್ಪು. ಬಟ್ಟೆಯ ಗಿರಣಿಗಳು ಮುಚ್ಚಿದ್ದವು. ಗಂಡಸರು ನಡುಹಗಲಲ್ಲಿ ಕೈಗಳನ್ನು ಕಿಸೆಯಲ್ಲಿಟ್ಟುಕೊಂಡು ಮೂಲೆಗಳಲ್ಲಿ ನಿಂತಿರುತ್ತಿದ್ದರು. ಬಿಳಿಯರೂ ಕೆಲಸವಿಲ್ಲದೆ ಹೀಗೆ ನಿಲ್ಲುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಪ್ರದರ್ಶನ ಅಂಥ ಒಂದು ಗಿರಣಿಯೊಳಗೆ. ನೆಲವೆಲ್ಲ ಹಲಗೆ, ಮುಖ ಕಾಣುವಂತೆ ಒರೆಸಿದ್ದರು. ರಾಚಪ್ಪ ಒಳಗೆ ಬಂದವನೇ ಹಿಮ್ಮಡಿಯಿಂದ ನೆಲ ಬಡಿದು ನೋಡಿದ.

“ಕುಣಿ ಎಲ್ಲೈತಿ?”

“ಯಾವ ಕುಣಿ?” ಎಂದರು ಸಾಹೇಬರು.

“ಕುಣಿಮಗ್ಗರೀ ಇದು. ಕಾಲು ಎಲ್ಲಿ ಇಳಿಬಿಡ್ಲಿ? ನಿಮ್ಮ ತೊಡಿ ಮ್ಯಾಲೇನು?”

ಇಳಕಲ್ಲಿನಿಂದ ಹಣಿಗೆ, ಲಾಳಿ, ನೂಲು ಎಲ್ಲವೂ ಬಂದಿದ್ದವು. ಕುಣಿ ಮಾತ್ರ ಬಂದಿರಲಿಲ್ಲ. ನೆಲದಲ್ಲಿ ತಗ್ಗು ಇಲ್ಲದ ಮನೆಯೂ ಇರುತ್ತದೆಂದು ನಮ್ಮಿಬ್ಬರಿಗೆ ಹೊಳೆದೇ ಇರಲಿಲ್ಲ. ಸಾಹೇಬರಿಗಂತೂ ಕುಣಿ ಎಂದರೆ ಏನೆಂದೇ ಗೊತ್ತಿರಲಿಲ್ಲ. ಎರಡು ದಿನ ಕೈ ಕಟ್ಟಿ ಕುಳಿತೆವು. ಮೂರನೇ ದಿನ ಬಡಿಗರು ಬಂದು ಎದೆಯೆತ್ತರ ಮರದ ಕಟ್ಟೆ ಕಟ್ಟಿದರು. ರಾಚಪ್ಪ ಅದರ ಮೇಲೆ ಮದುಮಗನಂತೆ ಕುಳಿತು, ಕಾಲು ಇಳಿಬಿಟ್ಟು, ಕೂಗಿದ: “ಯಾರರ ಅಕ್ಕಿಕಾಳು ಹಾಕ್ರಿ!”

ನೋಡಲು ಶಾಲೆಯ ಮಕ್ಕಳು ಬಂದರು. ಅರ್ಧ ಬಿಳಿ ಮಕ್ಕಳು, ಅರ್ಧ ಪಾಕಿಸ್ತಾನ, ಗುಜರಾತದ ಕಡೆಯವು. ಎಲ್ಲ ಬಡವರ ಮಕ್ಕಳು. ಬಡತನ ಮೊಣಕೈಯಲ್ಲಿ ಗೊತ್ತಾಗುತ್ತದೆ, ಸ್ವೆಟರು ಮೊದಲು ಅಲ್ಲೇ ಹರಿಯುವುದು. ಒಂದು ಹುಡುಗಿ ಒಂದೇ ಸಮನೆ ತಲೆ ಕೆರೆಯುತ್ತಿತ್ತು. ಊರಿನಲ್ಲಿ ಮಾಡುವಂತೆ ಅದನ್ನು ಎಳೆದು ಎರಡು ಮೊಳಕಾಲ ನಡುವೆ ಕೂಡಿಸಿಕೊಂಡು ಹೇನು ತೆಗೆಯತೊಡಗಿದೆ. ಸಾಹೇಬರು ಬೆವೆತುಹೋದರು.

“ಸಂಗವ್ವಾರ, ಬಿಡ್ರಿ! ಇಲ್ಲಿ ಮಂದಿ ಮಕ್ಕಳನ್ನ ಮುಟ್ಟಬಾರದು!”

“ಮುಟ್ಟಲಾರದ ಹೇನು ತಗಿಯೂದು ಹೆಂಗ್ರಿ?”

ಮಕ್ಕಳ ಜೊತೆ ಬಂದಿದ್ದ ಒಬ್ಬ ಹೆಣ್ಣುಮಗಳು ಜೋರಾಗಿ ನಕ್ಕಳು. ದಪ್ಪ ಕೋಟಿನ ಕೆಳಗೆ ಸಲವಾರು. ಹೆಸರು ನಸೀಮಾ, ಆ ಶಾಲೆಯಲ್ಲೇ ಕೆಲಸ. ಅವಳದು ಉರ್ದು. ನನ್ನದು ಓಣಿಯ ಸಾಬರ ಮನೆಗಳಲ್ಲಿ ಕಲಿತ ಹರಕುಮುರುಕು ಮಾತು. ಆದರೂ ಸಾಗಿತು. ಅವಳ ಮಾತು ನನ್ನ ಕಿವಿಯಲ್ಲಿ ನಮ್ಮ ಮಾತಾಗಿಯೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ.

“ಖಾಲಾ, ನಮ್ಮ ಸಾಲ್ಯಾಗ ಇದಕ್ಕಂತ ಒಬ್ಬಾಕಿ ನರ್ಸ್ ಅದಾಳ. ವಾರಕ್ಕೊಮ್ಮಿ ಹಣಿಗಿ ಹಿಡಕೊಂಡು ಬರ್ತಾಳ. ನಿಮಗೂ ಒಂದು ನೌಕರಿ ಕೊಡಸ್ಲೇನು?”

ಅವಳ ಪಕ್ಕದಲ್ಲಿ ಗಂಡಸರ ಬೂಟು ಹಾಕಿದ ಎತ್ತರದ ಹೆಂಗಸು. ಆ ಶಾಲೆಯ ದೊಡ್ಡ ಅಕ್ಕೋರು. ಪ್ರದರ್ಶನ ತೆರೆಯುವುದು ಮಧ್ಯಾಹ್ನವಲ್ಲವೇ, ಬೆಳಿಗ್ಗೆ ಶಾಲೆಗೆ ಬರುತ್ತೀರಾ ಎಂದು ನಸೀಮಾಳ ಬಾಯಿಂದ ಕೇಳಿಸಿದರು. ಚಳಿಯಲ್ಲಿ ಕೋಣೆಯೊಳಗೆ ರಾಚಪ್ಪನ ಕೆಮ್ಮು ಕೇಳುತ್ತ ಕೂರುವುದಕ್ಕಿಂತ ಅದೇ ಮೇಲು.

ಶಾಲೆ

ಹಿಮ ಬೀಳುತ್ತಿತ್ತು. ಹಿಂಜಿದ ಅರಳೆಯಂತೆ ಇರುತ್ತದೆ, ಮುಟ್ಟಿದರೆ ನೀರು. ಆ ಹಿಮದಲ್ಲಿ ದೊಡ್ಡ ಅಕ್ಕೋರು ಗೇಟಿನಲ್ಲಿ ನಿಂತು ಬಂದ ಬಂದ ಮಗುವನ್ನು ಹೆಸರು ಹಿಡಿದು ಕೂಗುತ್ತಿದ್ದರು. ಒಂದು ಹೆಸರೂ ತಪ್ಪಲಿಲ್ಲ. ಒಳಗೆ ಹೋದರೆ ಮೊದಲು ಬಿಸಿ ಹಾಲು, ಬೆಣ್ಣೆ ಸವರಿದ ಬ್ರೆಡ್ಡು. ಪುಸ್ತಕ ಆಮೇಲೆ.

ಕೆಲವು ವರ್ಷಗಳ ಹಿಂದೆ ಅದು ಊರಿಗೇ ಕೆಟ್ಟ ಶಾಲೆಯಂತೆ. ಕಿಟಕಿಯ ಗಾಜು ಉಳಿಯುತ್ತಿರಲಿಲ್ಲ. ಕಲಿಸುವವರು ವರ್ಷ ತುಂಬುವ ಮೊದಲೇ ಓಡುತ್ತಿದ್ದರು. ಐದನೇ ಇಯತ್ತೆ ದಾಟಿದವಕ್ಕೂ ಓದು ಬರುತ್ತಿರಲಿಲ್ಲ. ಈಗ ಬರುತ್ತದೆ.

“ಏನು ಮಾಡಿದ್ರಿ?” ಎಂದೆ. ಸರ್ಕಾರ ಏನೋ ದೊಡ್ಡದು ಕೊಟ್ಟಿರಬೇಕು ಎಂದುಕೊಂಡಿದ್ದೆ.

ನಸೀಮಾ ಗೇಟಿನ ಕಡೆ ತೋರಿಸಿದಳು. “ಬಾಗಲದಾಗ ನಿಂತ್ರು. ಮೊದಲು ಅಷ್ಟ.”

ಇನ್ನೊಂದು ರೂಢಿ ಇತ್ತು. ಪ್ರತಿ ಮಗುವೂ ದಿನಾ ಒಬ್ಬ ದೊಡ್ಡವರ ಮುಂದೆ ಗಟ್ಟಿಯಾಗಿ ಓದಬೇಕು. ಅಷ್ಟು ಮಕ್ಕಳಿಗೆ ಕಲಿಸುವವರು ಸಾಲುವುದಿಲ್ಲ. ಹಾಗಾಗಿ ಅಡಿಗೆಯವಳು, ಹೇನು ತೆಗೆಯುವ ನರ್ಸು, ಯಾರ ಕಿವಿ ಖಾಲಿ ಇದ್ದರೂ ಅವರ ಮುಂದೆ. ಕಸ ಹೊಡೆಯುವ ಮನುಷ್ಯ ಬಕೆಟ್ಟು ಬೋರಲು ಹಾಕಿ ಕುಳಿತು, ಕಸಬರಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದ. ಅವನಿಗೂ ಓದು ಅಷ್ಟಕ್ಕಷ್ಟೇ ಅಂತೆ. ನನಗೂ ಒಂದು ಸಣ್ಣ ಕುರ್ಚಿ ಕೊಟ್ಟರು.

“ನಂಗ ನಿಮ್ಮ ಇಂಗ್ಲಿಷ್ ಬರೂದಿಲ್ಲ ಬೇ.”

“ಕೇಳಾಕ ಬರತೈತಲ್ಲ?” ಎಂದಳು ನಸೀಮಾ.

ಕೆಂಪು ಕೂದಲ ಹುಡುಗಿಯೊಂದು ಬಂದು ಕುಳಿತಿತು. ಮುಖದ ತುಂಬ ಗೋಧಿಯ ತೌಡು ಎರಚಿದಂತೆ ಚುಕ್ಕಿ. ಬೆರಳಿಟ್ಟು ಓದತೊಡಗಿತು. ನಾನು ಹೂಂ, ಹೂಂ ಎನ್ನುತ್ತಿದ್ದೆ. ನಡುವೆ ಒಂದು ಕಡೆ ಬೆರಳು ಜಿಗಿಯಿತು, ದನಿ ಓಡಿತು. ನಾನು ಅದರ ಬೆರಳು ಹಿಡಿದು ಮೇಲಿನ ಸಾಲಿಗೆ ತಂದಿಟ್ಟೆ.

“ಹಿಂದಕ್ಕ ಹೋಗು.”

ಹುಡುಗಿ ಕಣ್ಣರಳಿಸಿ ನನ್ನನ್ನೇ ನೋಡಿತು. ಆಮೇಲೆ ಬಿಟ್ಟ ಸಾಲನ್ನು ಓದಿತು, ತಡವರಿಸಿ ತಡವರಿಸಿ. ಅಲ್ಲಿ ಅದಕ್ಕೆ ಬಾರದ ಒಂದು ದೊಡ್ಡ ಶಬ್ದ ಇತ್ತು. ಮುಗಿಸಿದ್ದೇ ಓಡಿಹೋಗಿ ದೊಡ್ಡ ಅಕ್ಕೋರಿಗೆ ಹೇಳಿತಂತೆ, ಸೀರೆಯ ಮುದುಕಿಗೆ ಇಂಗ್ಲಿಷು ಬರುತ್ತದೆ, ಬಾರದ ಹಾಗೆ ಆಟ ಹೂಡಿದ್ದಾಳೆ ಎಂದು. ಮರುದಿನ ಮಕ್ಕಳೆಲ್ಲ ನನ್ನನ್ನು ಕಂಡರೆ ನೆಟ್ಟಗೆ ಕೂರತೊಡಗಿದವು. ನನಗೆ ಒಂದಕ್ಷರವೂ ಬರುತ್ತಿರಲಿಲ್ಲ. ಬಿಟ್ಟ ಎಳೆ ಕಾಣುತ್ತಿತ್ತು, ಅಷ್ಟೇ.

ಮೂರನೇ ಬಾಗಿಲು

ನಸೀಮಾಳ ನಿಜವಾದ ಕೆಲಸ ಬೇರೆ. ಒಂಬತ್ತಕ್ಕೆ ಹಾಜರಿ. ಹಾಜರಿ ಮುಗಿದದ್ದೇ ಅವಳು ಕೋಟು ಹಾಕಿಕೊಂಡು ಬಾರದ ಮಕ್ಕಳ ಬಾಗಿಲು ಬಡಿಯಲು ಹೊರಡುತ್ತಿದ್ದಳು. ತಿಂಗಳಿಗೊಮ್ಮೆ ಅಲ್ಲ, ದಿನಾ. ಒಂದು ದಿನ ನಾನೂ ಬೆನ್ನು ಹತ್ತಿದೆ.

ಮೊದಲ ಮನೆಯಲ್ಲಿ ಜ್ವರ. ಎರಡನೆಯದರಲ್ಲಿ ಬೂಟಿಲ್ಲ. ಬೂಟು ನಸೀಮಾಳ ಚೀಲದಲ್ಲೇ ಇತ್ತು. ಮೂರನೇ ಬಾಗಿಲು ತೆರೆದವಳು ನನ್ನ ವಯಸ್ಸಿನ ಮುದುಕಿ, ಪಾಕಿಸ್ತಾನದ ಯಾವುದೋ ಹಳ್ಳಿಯವಳು. ಬಾಗಿಲನ್ನು ಒಂದು ಗೇಣಷ್ಟೇ ತೆರೆದಳು.

“ಶಾಜಿಯಾ ಎಲ್ಲಿ ಅಮ್ಮಾ?”

“ಸ್ವಾದರತ್ತಿ ಮನಿಗೆ ಹೋಗ್ಯಾಳ.”

“ಯಾವಾಗ ಬರ್ತಾಳ?”

“ಬಂದಾಗ ಬರ್ತಾಳ.”

ಒಳಗಿನಿಂದ ಹೊಲಿಗೆ ಯಂತ್ರದ ಸಪ್ಪಳ ಟರ್ರೆಂದು ಬರುತ್ತಿತ್ತು. ನಿಲ್ಲುವುದು, ಮತ್ತೆ ಟರ್ರ್. ನನಗೆ ನಗೆ ತಡೆಯಲಿಲ್ಲ. ಕೆಮ್ಮು ಬರುವ ತನಕ ನಕ್ಕೆ.

“ಇದು ಯಾವಾಕಿ? ಯಾಕ ನಗ್ತಾಳ?” ಎಂದು ಮುದುಕಿ ಸಿಟ್ಟಾದಳು.

“ನಿಮ್ಮ ಯಂತ್ರ ತಾನ ಹೊಲ್ಯಾಕತ್ತೈತೇನ ಬೇ?” ಎಂದೆ. “ನಮ್ಮ ರಾಟಿನೂ ತಾನ ತಿರಗಾಕತ್ತಿತ್ತು. ನಂದೂ ಒಂದು ಮೊಮ್ಮಗಳು ಐತಿ ಮನ್ಯಾಗ, ಇಷ್ಟುದ್ದ. ಕೆರೂರಿಗೆ ಕಳಿಸೇನಿ ಅಂದಿದ್ದೆ.”

ಕೆರೂರು ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ತಿಳಿಯಿತು. ಬಾಗಿಲು ಪೂರ್ತಿ ತೆಗೆದಳು.

ಒಳಗೆ ಕೋಟುಗಳ ರಾಶಿ. ಮನೆಯಲ್ಲೇ ಹೊಲಿದು ಕೊಡುವ ಕೆಲಸ, ಮಧ್ಯಾಹ್ನಕ್ಕೆ ಗಾಡಿ ಬರುತ್ತದೆ. ಸೊಸೆಗೆ ಹೆರಿಗೆಯಾಗಿ ಇನ್ನೂ ಹಾಸಿಗೆ ಬಿಟ್ಟಿಲ್ಲ. ಶಾಜಿಯಾ, ಹನ್ನೊಂದು ವರ್ಷದ ಹುಡುಗಿ, ಯಂತ್ರದ ಮುಂದೆ ತಲೆ ಬಗ್ಗಿಸಿ ಕುಳಿತಿತ್ತು. ಮುದುಕಿ ಹೊಲಿದದ್ದರ ದಾರ ಕತ್ತರಿಸಿ ಮಡಿಚುತ್ತಿದ್ದಳು.

“ಇಕಿ ಸಾಲಿಗೆ ಹೋದ್ರ ಇದನ್ನ ಯಾರು ಮುಗಸ್ತಾರ? ನೀ ಮುಗಸ್ತಿಯೇನು?” ಎಂದು ನಸೀಮಾಳ ಮೇಲೆ ಹರಿಹಾಯ್ದಳು.

ನಾನು ಆ ಮನೆಯ ಸುತ್ತ ಕಣ್ಣಾಡಿಸಿದೆ. ನಮ್ಮ ಮನೆಯೇ, ಸ್ವಲ್ಪ ಹೆಚ್ಚು ಚಳಿ.

“ನೀ ಯಂತ್ರದ ಮುಂದ ಕೂಡು,” ಎಂದೆ ಮುದುಕಿಗೆ. “ಕತ್ರಿ ನನ್ನ ಕಡೆ ಕೊಡು. ದಾರದ ಕೆಲಸ ನನಗ ಕಲಸಬ್ಯಾಡ.”

ಶಾಜಿಯಾ ಚೀಲ ತೆಗೆದುಕೊಂಡು ಹಿಂದೆ ನೋಡದೆ ಹೋಯಿತು. ನಾನೂ ಆ ಮುದುಕಿಯೂ ಗಾಡಿ ಬರುವ ತನಕ ದುಡಿದೆವು. ಅವಳು ತನ್ನ ಸೊಸೆಯನ್ನು ಬೈದಳು, ನಾನು ನನ್ನ ಸೊಸೆಯನ್ನು ಬೈದೆ. ಚಹಾ ಕೊಟ್ಟಳು, ಚೆನ್ನಾಗಿತ್ತು. ಕರದಂಟು ಕೊಟ್ಟೆ, ಹಲ್ಲಿಲ್ಲ ಎಂದು ಚೀಪಿದಳು.

“ನಾಳೆ ಏನು ಮಾಡ್ತಿ?” ಎಂದು, ನನ್ನನ್ನು ಕರೆದೊಯ್ಯಲು ತಿರುಗಿ ಬಂದ ನಸೀಮಾಳನ್ನು ಕೇಳಿದೆ.

“ಮತ್ತ ಬರ್ತೇನಿ. ನಾಡಿದ್ದೂ ಬರ್ತೇನಿ. ಸುಳ್ಳು ಹೇಳಿ ಹೇಳಿ ಅವರಿಗೆ ಬ್ಯಾಸರಾಗಬೇಕು.”

ನಾಲ್ಕು ದಿನ ಬೆಳಿಗ್ಗೆ ನಾನು ಆ ಮನೆಯಲ್ಲಿ ದಾರ ಕತ್ತರಿಸಿದೆ. ಐದನೇ ದಿನಕ್ಕೆ ಸೊಸೆ ಎದ್ದು ಕುಳಿತಳು, ಕತ್ತರಿ ಅವಳ ಕೈಗೆ ಹೋಯಿತು.

ರಾಚಪ್ಪನಿಗೆ ಇದು ಹೇಗೋ ತಿಳಿಯಿತು. ಕಟ್ಟೆಯ ಮೇಲೆ ಕುಳಿತು ಲಾಳಿ ಎಳೆಯುತ್ತ ಹೇಳಿದ: “ಭಾಳ ಛಲೋ ಆತು ಸಂಗವ್ವ. ನಿನ್ನ ಮೊಮ್ಮಗಳನ್ನ ಅಲ್ಲಿ ರಾಟಿಗೆ ಕಟ್ಟಿ ಬಂದು, ಇಲ್ಲಿ ಮಂದಿ ಮೊಮ್ಮಗಳ ಪಾಳಿ ಮಾಡಾಕತ್ತೀ.”

“ನಿನ್ನ ಲಾಳಿ ನೀ ನೋಡ್ಕೊ,” ಎಂದೆ. ಆ ದಿನವೆಲ್ಲ ಅವನ ಜೊತೆ ಮಾತು ಬಿಟ್ಟೆ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದಕ್ಕೇ ಸಿಟ್ಟು.

ಹೊರಡುವ ದಿನ ದೊಡ್ಡ ಅಕ್ಕೋರನ್ನು ಕೇಳಿಸಿದೆ: ಇಷ್ಟೆಲ್ಲ ಮಾಡಿ ಈ ಮಕ್ಕಳು ಮುಂದೆ ಏನಾಗುತ್ತವೆ? ಗೊತ್ತಿಲ್ಲ ಎಂದರಂತೆ. ನಾಳೆ ಬೆಳಿಗ್ಗೆ ಗೇಟಿಗೆ ಬರುತ್ತವೆ, ಅದಷ್ಟು ಗೊತ್ತು ಎಂದರಂತೆ. ಆ ಹೆಂಗಸು ನನಗೆ ಹಿಡಿಸಿದಳು. ದೊಡ್ಡ ಮಾತು ಆಡುವುದಿಲ್ಲ.

ಇಳಕಲ್ಲು, ಬಂದ ಮೇಲೆ

ಓಣಿಯ ತಿರುವಿನಲ್ಲೇ ನಮ್ಮ ರಾಟೆಯ ಸಪ್ಪಳ ಕೇಳಿಸಿತು. ನೀಲಾ ಎದ್ದು ಬರಲಿಲ್ಲ. “ಬಂದೇನ ಆಯಿ?” ಎಂದು ಕೂತಲ್ಲಿಂದಲೇ ಕೇಳಿದಳು. ರಾಟೆ ನಿಲ್ಲಬಾರದು ಎಂದು ನಾನೇ ಹೇಳಿ ಹೋಗಿದ್ದೆನಲ್ಲ.

ಅಟ್ಟದಿಂದ ಪಾಟಿಚೀಲ ಇಳಿಸಿದೆ. ಒಂದು ಮೂಲೆ ಇಲಿ ಕಡಿದಿತ್ತು, ಹೊಲಿದೆ. ಪರೀಕ್ಷೆಗೆ ಇನ್ನೂ ಮೂರು ವಾರ ಇತ್ತು. ಮರುದಿನ ಬೆಳಿಗ್ಗೆ ನೀಲಾಳ ಕೈಗೆ ಚೀಲ ಕೊಟ್ಟು, ರಾಟೆಯನ್ನು ನಾನು ಕಂಕುಳಲ್ಲಿ ಹಿಡಿದು, ಇಬ್ಬರೂ ಶಾಲೆಗೆ ಹೋದೆವು. ಓಣಿಯ ಹೆಂಗಸರು ಕಟ್ಟೆಯ ಮೇಲಿನಿಂದಲೇ ಕೇಳಿದರು, “ಸಂಗವ್ವ, ಇಂಗ್ಲೆಂಡಿನಿಂದ ಬಂದು ಸಾಲಿಗೆ ಹೊಂಟೇನು?”

ಸುಮಿತ್ರಾ ಅಕ್ಕೋರು ಪಡಸಾಲೆಯಲ್ಲಿ ನಿಂತಿದ್ದರು.

“ಅಕ್ಕೋರ, ಅವತ್ತು ನೀಲಾ ಕೆರೂರಿಗೆ ಹೋಗಿರಲಿಲ್ಲ.”

“ಗೊತ್ತೈತ್ರಿ. ರಾಟಿ ಕೇಳಸ್ತಿತ್ತು.”

“ಮತ್ತ ಮರುದಿನ ಯಾಕ ಬರಲಿಲ್ಲ ನೀವು?”

ಅವರಿಗೆ ಸಿಟ್ಟು ಬಂತು, ಬರಬೇಕಾದ್ದೇ. “ಏಳು ಇಯತ್ತಾ ಅದಾವ್ರಿ ನನ್ನ ಒಬ್ಬಾಕಿ ತಲಿ ಮ್ಯಾಲ. ಒಬ್ಬಾಕಿದು ಓದು ಕೇಳೂದ್ರಾಗ ಗಂಟಿ ಬಾರಸ್ತೈತಿ. ನಾ ಕಲಸ್ಲೋ, ಬಾಗಲಾ ಬಡ್ಯಾಕ ಬರ್ಲೋ?”

“ಕೇಳಾಕ ನಾ ಕೂಡ್ತೇನಿ,” ಎಂದೆ. “ರಾಟಿ ಇಲ್ಲೇ ತಂದೇನಿ. ಕಂಡಿಕಿ ನಾ ಸುತ್ತತೇನಿ, ಹುಡಗ್ಯಾರು ನನ್ನ ಮುಂದ ಓದಲಿ.”

“ನಿಮಗ ಓದಾಕ...”

“ಕೇಳಾಕ ಬರತೈತಿ.”

ಹದಿನೈದು ದಿನದಲ್ಲಿ ಪಡಸಾಲೆಯಲ್ಲಿ ನಾಲ್ಕು ರಾಟೆ, ನಾಲ್ಕು ಮುದುಕಿಯರು. ಅವರು ಬಂದದ್ದು ನನ್ನ ಮಾತಿಗಲ್ಲ, ಅಲ್ಲಿ ಗಾಳಿ ಛಲೋ ಇದೆ ಎಂದು, ಇಂಗ್ಲೆಂಡಿನ ಸುದ್ದಿ ಸಿಗುತ್ತದೆ ಎಂದು. ಬಂದ ಮೇಲೆ ಮೊಮ್ಮಕ್ಕಳೂ ಬಂದವು. ಮನೆಯ ಕಂಡಿಕೆ ನಿಲ್ಲಲಿಲ್ಲ, ಹುಡುಗಿಯರ ಓದೂ ನಿಲ್ಲಲಿಲ್ಲ. ಬಾರದ ಮನೆಗೆ ನಾನು ಹೋಗುತ್ತಿದ್ದೆ. ನನ್ನೆದುರು ಸುಳ್ಳು ಹೇಳಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಆ ಕೆಲಸದಲ್ಲಿ ನಾನು ಅವರಿಗಿಂತ ಹಳಬಳು. ಎರಡು ಮನೆಯವರು ಮಾತ್ರ ಎಷ್ಟು ಹೋದರೂ ಕಳಿಸಲಿಲ್ಲ. ಅದನ್ನೂ ಬರೆಯಬೇಕು.

ಹುನಗುಂದದಿಂದ ಶಾಲೆ ತಪಾಸಣೆಯ ಸಾಹೇಬರು ಬಂದು, “ಇದು ಸಾಲಿಯೋ ನೇಕಾರರ ಮನಿಯೋ?” ಎಂದು ರೇಗಿದರು. ಅಕ್ಕೋರು ಒಬ್ಬೊಬ್ಬ ಹುಡುಗಿಯನ್ನು ಎಬ್ಬಿಸಿ ಓದಿಸಿದರು. ಸಾಹೇಬರು ಕೇಳಿದರು, ಅಂಗಿಗೆ ಹತ್ತಿದ ನೂಲಿನ ತುಣುಕು ಝಾಡಿಸಿಕೊಂಡು ಹೋದರು. ರಾಟೆ ತೆಗೆಯಿರಿ ಎಂದು ಕಾಗದ ಬರಲಿಲ್ಲ.

ನೀಲಾ ಆ ವರ್ಷ ಪಾಸಾದಳು, ಕಷ್ಟದಿಂದ. ಈಗ ಹೈಸ್ಕೂಲಿನಲ್ಲಿದ್ದಾಳೆ.

ನಿನ್ನೆ ಇದನ್ನೆಲ್ಲ ತಿದ್ದಿ ಬರೆದು ನನ್ನೆದುರು ಗಟ್ಟಿಯಾಗಿ ಓದಿದಳು. ನಾನು ಕಂಡಿಕೆ ಸುತ್ತುತ್ತ ಕೇಳುತ್ತಿದ್ದೆ. ಶುರುವಿನಲ್ಲೇ, ಎರಡೂ ಮಗ್ಗ ನಿಲ್ಲುತ್ತವೆ ಎಂಬಲ್ಲಿಂದ ಅಕ್ಕೋರು ಬಾಗಿಲಿಗೆ ಬಂದರು ಎಂಬಲ್ಲಿಗೆ ಅವಳ ದನಿ ಓಡಿತು. ನಾನು ರಾಟೆ ನಿಲ್ಲಿಸಿದೆ.

“ಸಾಲು ಬಿಟ್ಟಿ.”

“ಇಲ್ಲ ಆಯಿ.”

“ಚೀಲ ಅಟ್ಟಕ್ಕ ಒಗದದ್ದು ಎಲ್ಲಿ ಹೋತು? ಹೊಡದದ್ದು ಎಲ್ಲಿ ಹೋತು?”

ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. “ಅದನ್ನ ತಗದಬಿಡೂಣು. ಮಂದಿ ನಿನಗ ಏನಂತಾರ?”

“ಅನ್ನಲಿ. ಹಿಂದಕ್ಕ ಹೋಗು.”

ಅವಳು ಹಿಂದಕ್ಕೆ ಹೋಗಿ, ಬಿಟ್ಟದ್ದನ್ನು ಓದಿದಳು. ನಾನು ಮತ್ತೆ ರಾಟೆ ತಿರುಗಿಸಿದೆ.